ಏಳನೇ ಸಾಲಿನ ಜೇನುಮೇಣ

ಬಾಗಿಲು ತಟ್ಟಿ ಒಳಗೆ ಬನ್ನಿ ಎಂದು ಅವಳು ಆ ಮನುಷ್ಯನಿಗೆ ಒಂಬತ್ತು ಸಲವಾದರೂ ಹೇಳಿದ್ದಳು. ಹತ್ತನೆಯ ಸಲವೂ ಅವನು ಮೊಣಕೈಯಿಂದ ಬಾಗಿಲು ನೂಕಿಕೊಂಡೇ ಬಂದ. ಎರಡು ಕೈಯಲ್ಲೂ ಒಂದೊಂದು ಗ್ಲಾಸು. ತಟ್ಟುವುದಾದರೂ ಹೇಗೆ? ಅದು ಅವಳಿಗೆ ಹೊಳೆಯಲಿಲ್ಲ. ಸಿಟ್ಟಿನಲ್ಲಿರುವವರಿಗೆ ಇಂಥ ಸಣ್ಣ ವಿಷಯಗಳು ಹೊಳೆಯುವುದಿಲ್ಲ.

“ಟ್ರೇ ಅಂತ ಒಂದು ವಸ್ತು ಇದೆ, ಮೇಸ್ತ್ರಿ.”

“ಇದೆ ಮೇಡಂ, ನೋಡಿದ್ದೀನಿ,” ಎಂದ ಅವನು. ಗ್ಲಾಸುಗಳನ್ನು ಮೇಜಿನ ಮೇಲಿಟ್ಟು ಇನ್ನೆರಡನ್ನು ತರಲು ಕೆಳಗಿಳಿದ.

ಅದು ವಿಸ್ಕಿ ಕಾರ್ಖಾನೆಯ ಮೇಲಂತಸ್ತಿನ ರುಚಿ ನೋಡುವ ಕೋಣೆ. ಬಿಳಿ ಗೋಡೆ, ಬಿಳಿ ಮೇಜು, ಒಂದೇ ಕಿಟಕಿ. ದಿನಾ ಹತ್ತೂವರೆಗೆ, ಹೊಟ್ಟೆ ತುಂಬಿಯೂ ಇರದ, ಹಸಿದೂ ಇರದ ಹೊತ್ತಿನಲ್ಲಿ, ಅವಳು ಅಲ್ಲಿ ಕುಳಿತು ಗ್ಲಾಸನ್ನು ಮೆಲ್ಲಗೆ ತಿರುಗಿಸಿ ಮೂಸುತ್ತಿದ್ದಳು. ನಾಲ್ಕು ಹನಿ ನೀರು ಬಿಟ್ಟು ಮತ್ತೆ ಮೂಸುತ್ತಿದ್ದಳು. ಒಂದು ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿ ಉಗುಳಿ, ಪುಸ್ತಕದಲ್ಲಿ ಬರೆಯುತ್ತಿದ್ದಳು. ಈ ಕೆಲಸಕ್ಕಾಗಿ ಹನ್ನೊಂದು ವರ್ಷದಿಂದ ಅವಳು ಪರಿಮಳದ ಸೋಪು ಮುಟ್ಟಿರಲಿಲ್ಲ, ಬೆಳಗಿನ ಕಾಫಿ ಕುಡಿದಿರಲಿಲ್ಲ, ಬೆಳ್ಳುಳ್ಳಿಯ ಕಡೆ ಕಣ್ಣೆತ್ತಿ ನೋಡಿರಲಿಲ್ಲ.

ಕೆಲಸದವರು ಅವಳನ್ನು ಚಿಕ್ಕಮೂಗು ಎನ್ನುತ್ತಿದ್ದರು. ದೊಡ್ಡಮೂಗು ಎಂದರೆ ಅವಳ ಮೇಲಧಿಕಾರಿ. ಮೂವತ್ತು ವರ್ಷ ಆ ಕೋಣೆಯನ್ನು ಆಳಿದ ಮುದುಕರು. ವರ್ಷದ ಕೊನೆಗೆ ಅವರು ನಿವೃತ್ತರಾಗುವವರಿದ್ದರು. ಹೋಗುವ ಮೊದಲು ಒಂದು ಹೊಸ ಮಿಶ್ರಣವನ್ನು ಅವಳೊಬ್ಬಳೇ ಕೂಡಿಸಬೇಕೆಂದು ಹೇಳಿದ್ದರು. ಅದು ಒಪ್ಪಿಗೆಯಾದರೆ ಅವರ ಕುರ್ಚಿ ಅವಳಿಗೆ. ಇಲ್ಲವಾದರೆ ಹೊರಗಿನಿಂದ ಯಾರನ್ನೋ ಕರೆಸುವುದು.

ವಿಸ್ಕಿಯೆಂದರೆ ಎಲ್ಲ ಒಂದೇ ಎನ್ನುವವರನ್ನು ಕಂಡರೆ ಅವಳಿಗೆ ಮರುಕ. ಸಾದಾ ಧಾನ್ಯದ ವಿಸ್ಕಿ ಮದುವೆಮನೆಯಲ್ಲಿ ಸದ್ದಿಲ್ಲದೆ ಎಲ್ಲರ ಕೆಲಸ ಮಾಡಿಕೊಡುವ ಚಿಕ್ಕಮ್ಮನ ಹಾಗೆ. ಹಗುರ, ಸಿಹಿ, ಇಲ್ಲದಾಗಲೇ ಬೆಲೆ ಗೊತ್ತಾಗುವುದು. ಹೊಗೆ ಹಾಯಿಸಿದ ಮಾಲ್ಟ್, ಅಂದರೆ ಮೊಳಕೆ ಬಾರ್ಲಿಯದು, ಜೋರುಬಾಯಿಯ ಭಾವ. ಬಂದ ಕೂಡಲೇ ಮನೆಯೆಲ್ಲ ಅವನದೇ. ದ್ರಾಕ್ಷಾರಸವಿದ್ದ ಪೀಪಾಯಿಯಲ್ಲಿ ಮಾಗಿದ್ದು ಅಂಜೂರ, ಒಣದ್ರಾಕ್ಷಿ ಎಂದು ತನ್ನ ಒಡವೆಗಳನ್ನು ತಾನೇ ತೋರಿಸಿಕೊಳ್ಳುತ್ತದೆ. ರೈ ಧಾನ್ಯದ್ದು ಎದುರುತ್ತರ ಕೊಡುವ ಹುಡುಗಿ, ನಾಲಿಗೆಯ ಮೇಲೆ ಮೆಣಸು. ಇವರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಜಗಳವಿಲ್ಲದೆ ಕೂರಿಸುವುದು ಅವಳ ಕೆಲಸ.

ಆ ಪಂಕ್ತಿಗೊಂದು ನಡುವಿನ ಎಲೆ ಬೇಕಲ್ಲ. ಅದು ಅವಳಿಗೆ ನೆಲಮಾಳಿಗೆಯ ಏಳನೇ ಸಾಲಿನಲ್ಲಿ ಸಿಕ್ಕಿತ್ತು. ಎರಡು ತಿಂಗಳಿಂದ ಆ ಸಾಲಿನ ಒಂದೊಂದು ಪೀಪಾಯಿಗೂ ಪುಸ್ತಕದಲ್ಲಿ ಒಂದೇ ಸಂತೋಷದ ಮಾತು: “ಮೂಗಿಗೆ ಜೇನುಮೇಣ, ಬಿಸಿಲಿಗೆ ಕಾದ ಮರ. ಅತ್ಯುತ್ತಮ.”

ಅದನ್ನು ಮೇಲಕ್ಕೆ ತರುತ್ತಿದ್ದವನೇ ಈ ಪೀಪಾಯಿ ಮೇಸ್ತ್ರಿ. ಪೀಪಾಯಿ ಕಟ್ಟುವುದು, ಅದರ ಒಳಮೈ ಸುಟ್ಟು ಹದ ಮಾಡುವುದು, ಸೋರಿದ್ದನ್ನು ಮುಚ್ಚುವುದು ಅವನ ಕೆಲಸ. ಗ್ಲಾಸು ಹೊರುವುದು ಗೋದಾಮಿನ ಗುಮಾಸ್ತರ ಕೆಲಸವಾಗಿತ್ತು. ಅವರಿಗೆ ಮಂಡಿನೋವು. ನೆಲಮಾಳಿಗೆಗೆ ಮೂವತ್ತೆರಡು ಮೆಟ್ಟಿಲು. ಏಳನೇ ಸಾಲನ್ನು ತಾನು ನೋಡಿಕೊಳ್ಳುತ್ತೇನೆ ಎಂದು ಮೇಸ್ತ್ರಿ ಯಾರೂ ಕೇಳದೆಯೇ ಒಪ್ಪಿಕೊಂಡಿದ್ದ.

ಬಂದವನು ಸುಮ್ಮನೆ ಹೋಗುತ್ತಿರಲಿಲ್ಲ. ಗ್ಲಾಸಿಟ್ಟು, ಬಾಗಿಲ ಬಳಿ ನಿಂತು, ಅವಳು ಉಗುಳುವುದನ್ನು ಮಗು ಬಿದ್ದದ್ದನ್ನು ನೋಡುವವರ ಮುಖ ಮಾಡಿಕೊಂಡು ನೋಡುತ್ತಿದ್ದ.

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ,” ಎಂದ ಒಮ್ಮೆ. “ಎಂಟು ವರ್ಷ ಕಾಪಾಡಿ ಕೊಟ್ರೆ, ಎಂಟೆಣಿಸೋದ್ರೊಳಗೆ ಉಗುಳಿಬಿಡ್ತೀರಲ್ಲ.”

“ನುಂಗ್ತಾ ಕೂತ್ರೆ ಮಧ್ಯಾಹ್ನದ ಹೊತ್ತಿಗೆ ನನ್ನನ್ನ ಪೀಪಾಯಿ ಥರ ಉರುಳಿಸಿಕೊಂಡು ಹೋಗಬೇಕಾಗುತ್ತೆ.”

“ಉರುಳಿಸೋಣ ಬಿಡಿ. ಅದೇ ನನ್ನ ಕೆಲಸ.”

ಅವಳು ತಲೆಯೆತ್ತಲಿಲ್ಲ. ಆದರೆ ಆ ದಿನದ ಬರಹದಲ್ಲಿ ‘ಅತ್ಯುತ್ತಮ’ ಎನ್ನುವುದರ ಕೆಳಗೆ ಒಂದು ಗೆರೆ ಹೆಚ್ಚಾಗಿ ಬಿದ್ದಿತು. ಸಂಜೆ ಮನೆಯಲ್ಲಿ ಅಕ್ಕನ ಮುಂದೆ ಮೇಸ್ತ್ರಿಯ ಅಧಿಕಪ್ರಸಂಗವನ್ನು ಸಾರು ಕುದಿಯುವಷ್ಟು ಹೊತ್ತು ಹೇಳಿದಳು. ಅಕ್ಕ ಉಪ್ಪು ನೋಡುತ್ತಾ, ಹೂಂಗುಡುತ್ತಾ ಕೇಳಿಸಿಕೊಂಡಳು.

ನಂತರ ಅವನು ತಂಗಿಯ ಮನೆ ಬದಲಾಯಿಸಲು ನೆರವಾಗಲೆಂದು ಹತ್ತು ದಿನ ರಜೆ ಹಾಕಿ ಹೋದ. ಕೋಣೆ ಅವಳು ಬಯಸಿದಷ್ಟು ಶಾಂತವಾಯಿತು. ಗುಮಾಸ್ತರು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ, ಟ್ರೇಯಲ್ಲಿ ಗ್ಲಾಸು ತಂದು, ಬಾಗಿಲು ತಟ್ಟಿ ಒಳಗಿಟ್ಟರು. ಅವಳು ಮೂಸಿದಳು.

ಜೇನುಮೇಣ ಇರಲಿಲ್ಲ.

ನೀರು ಬಿಟ್ಟು ಮೂಸಿದಳು. ಬೇರೆ ಪೀಪಾಯಿಯದು ತರಿಸಿದಳು. ಏಳನೇ ಸಾಲು ಪೂರ್ತಿ ತರಿಸಿದಳು. ಒಳ್ಳೆಯ, ಸಭ್ಯ, ಸಪ್ಪೆ ಮಾಲ್ಟ್, ಅಷ್ಟೇ. ಮಾಲೀಕರ ಮುಂದೆ ಮಿಶ್ರಣವಿಡಲು ಉಳಿದಿದ್ದದ್ದು ಹನ್ನೆರಡು ದಿನ. ಏನೋ ಆಗಿದೆ. ಯಾರೋ ಪೀಪಾಯಿ ಬಿಚ್ಚಿದ್ದಾರೆ. ಒಳಮೈ ಕೆರೆದು ಮತ್ತೆ ಸುಟ್ಟಿದ್ದಾರೆ. ಅದನ್ನು ಮಾಡಬಲ್ಲವನು ಒಬ್ಬನೇ.

ಅವಳು ದೊಡ್ಡಮೂಗಿಗೆ ಪತ್ರ ಬರೆದಳು. ರಜೆಗೆ ಹೋಗುವ ಮೊದಲು ಮೇಸ್ತ್ರಿ ಯಾರನ್ನೂ ಕೇಳದೆ ಏಳನೇ ಸಾಲಿನ ಪೀಪಾಯಿಗಳನ್ನು ಕೆರೆದಿದ್ದಾನೆ, ವಿಚಾರಿಸಬೇಕು ಎಂದು. ವಿಸ್ಕಿ ಮಾಗುತ್ತಿರುವ ಪೀಪಾಯಿಯನ್ನು ಕೆರೆಯುವುದೆಂದರೆ, ಪೀಪಾಯಿ ಕಟ್ಟುವವರ ಲೋಕದಲ್ಲಿ, ಬಸುರಿಯನ್ನು ತಳ್ಳಿದಂತೆ.

ಆ ಹತ್ತು ದಿನ ಅವಳು ಊಟವನ್ನೂ ಸರಿಯಾಗಿ ಮಾಡಲಿಲ್ಲ. “ಕುರ್ಚಿ ಚಿಂತೆ ಅಂತೀಯ,” ಎಂದಳು ಅಕ್ಕ. “ನನಗೇನೋ ಬೈಯೋಕೆ ಆಳಿಲ್ಲದೆ ಸೊರಗಿದ ಹಾಗೆ ಕಾಣ್ತೀಯ.” ಅವಳು ತಟ್ಟೆ ಸರಿಸಿ ಎದ್ದು ಹೋದಳು.

ಮೇಸ್ತ್ರಿ ಮರಳಿದ ದಿನ ದೊಡ್ಡಮೂಗು ಇಬ್ಬರನ್ನೂ ರುಚಿ ಕೋಣೆಗೆ ಕರೆದರು. ಪತ್ರವನ್ನು ಅವನ ಕೈಗೆ ಕೊಟ್ಟರು. ಅವನು ಓದಿದ. ಮಡಿಸಿದ. ಕೆಳಗಿಳಿದು ಹೋಗಿ, ಏಳನೇ ಸಾಲಿನ ಎರಡು ಗ್ಲಾಸು ತಂದು ಅವಳ ಮುಂದಿಟ್ಟ.

ಅವಳು ಮೂಸಿದಳು. ಜೇನುಮೇಣ. ಬಿಸಿಲಿಗೆ ಕಾದ ಮರ.

“ನೋಡಿ ಸಾರ್,” ಎಂದಳು, ಗೆದ್ದವಳ ದನಿಯಲ್ಲಿ. “ಈಗ ವಾಪಸ್ ಬಂದಿದೆ.” ಹೇಳಿದ ಮೇಲೆ ಅವಳಿಗೇ ಕಸಿವಿಸಿಯಾಯಿತು. ಹತ್ತು ದಿನ ಮಾಯವಾದ ಗುಣ ಒಂದು ಬೆಳಿಗ್ಗೆಯಲ್ಲಿ ಮರದೊಳಗೆ ಹುಟ್ಟುವುದೆಲ್ಲಿಂದ?

ದೊಡ್ಡಮೂಗು ಗ್ಲಾಸನ್ನು ತಾವೂ ಮೂಸಿದರು. ಮೇಸ್ತ್ರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಮೇಸ್ತ್ರಿ, ಕೆಳಗಿನ ನಲ್ಲಿಯಿಂದ ಒಂದು ಗ್ಲಾಸ್ ನೀರು ತನ್ನಿ. ಇವನ್ನ ಹೇಗೆ ತರ್ತೀರೋ ಹಾಗೇ.”

ಅವನು ತಂದ. ಅವಳು ಮೂಸಿದಳು. ಬಹಳ ಹೊತ್ತು ಮೂಗನ್ನು ಗ್ಲಾಸಿನಿಂದ ತೆಗೆಯಲಿಲ್ಲ. ತೆಗೆದರೆ ಮುಖ ಎತ್ತಬೇಕಾಗುತ್ತಿತ್ತು.

“ಏನಿದೆಯಮ್ಮಾ ನೀರಲ್ಲಿ?”

“ಜೇನುಮೇಣ,” ಎಂದಳು ಗ್ಲಾಸಿನೊಳಗಿಂದಲೇ.

ಆಗ ವಿಷಯ ಒಂದೊಂದಾಗಿ ಹೊರಬಿತ್ತು. ಪೀಪಾಯಿಯ ಸೋರಿಕೆ ಮುಚ್ಚಲು ಮೇಸ್ತ್ರಿ ದಿನವಿಡೀ ಜೇನುಮೇಣ ಮಿದಿಯುತ್ತಾನೆ. ಸುಟ್ಟ ಮರವನ್ನು ಅಂಗೈಯಿಂದಲೇ ಸವರಿ ನೋಡುತ್ತಾನೆ. ಎಷ್ಟು ತೊಳೆದರೂ ಅಂಗೈಗೆ ಆ ವಾಸನೆ ಹೋಗದು. ಅದು ಸರಿ, ಗ್ಲಾಸನ್ನು ಬುಡದಲ್ಲಿ ಹಿಡಿದು ತರಬಾರದೇ ಎಂದು ದೊಡ್ಡಮೂಗು ಕೇಳಿದರು.

ಅವನು ಕಿಟಕಿಯ ಕಡೆ ನೋಡುತ್ತಾ ಹೇಳಿದ. “ನೆಲಮಾಳಿಗೆ ತಣ್ಣಗಿರುತ್ತೆ ಸಾರ್. ತಣ್ಣಗಿದ್ರೆ ವಿಸ್ಕಿ ಬಾಯಿ ಬಿಡಲ್ಲ, ವಾಸನೆ ಏಳಲ್ಲ, ಮೂಸಿ ಮೂಸಿ ಇವತ್ತೆಲ್ಲ ತಲೆನೋವು ಅಂತ ಮೇಡಂ ಒಂದಿನ ಗುಮಾಸ್ತರ ಹತ್ರ ಅಂತಿದ್ರು. ಅದಕ್ಕೆ ಅಂಗೈಲಿ ಮುಚ್ಚಿಕೊಂಡು, ಮೆಟ್ಟಿಲು ನಿಧಾನ ಹತ್ತೋದು. ಮೇಲೆ ಬರೋದ್ರೊಳಗೆ ಬೆಚ್ಚಗಾಗುತ್ತೆ.”

ಕೈ ಎರಡೇ. ಆದ್ದರಿಂದ ಒಂದು ಸಲಕ್ಕೆ ಎರಡೇ ಗ್ಲಾಸು. ಎರಡು ತಿಂಗಳು, ನಲವತ್ತು ಪೀಪಾಯಿ, ಸಲಸಲಕ್ಕೂ ಮೂವತ್ತೆರಡು ಮೆಟ್ಟಿಲು.

ಅವಳಿಗೆ ಅಳು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಸಿಟ್ಟೇ ಇರಬೇಕೆಂದು ಅಂದುಕೊಂಡಳು, ಅದು ಅಭ್ಯಾಸವಾಗಿತ್ತು. ಇಂಥ ಉಪಕಾರ ಮಾಡುವವರು ಒಂದು ಮಾತು ಬಾಯಿಬಿಟ್ಟು ಹೇಳಬಾರದೇ? ಬೇಡದ ಮಾತೆಲ್ಲ ಆಡುತ್ತಾರೆ.

ಆದರೂ ಎದ್ದು ನಿಂತು, ಪುಸ್ತಕವನ್ನು ದೊಡ್ಡಮೂಗಿನ ಕಡೆ ತಿರುಗಿಸಿದಳು. “ನಾನು ಬರೆದದ್ದು ಸುಳ್ಳಲ್ಲ ಸಾರ್. ವಾಸನೆ ಇತ್ತು. ವಿಸ್ಕೀಲಿ ಇರಲಿಲ್ಲ, ಅಷ್ಟೆ. ಮಿಶ್ರಣ ಪೂರ್ತಿ ಅದರ ಮೇಲೆ ನಿಂತಿದೆ. ಪತ್ರಾನೂ ತಪ್ಪು. ಮೇಸ್ತ್ರಿಯವರ ಹತ್ರ ಕ್ಷಮೆ ಕೇಳ್ತೀನಿ.”

ಮೇಸ್ತ್ರಿ ತಲೆಯಾಡಿಸಿ ಹೊರಗೆ ಹೋದ. ಆ ತಲೆಯಾಡಿಸಿದ್ದರ ಅರ್ಥ ಆಯಿತು ಎಂದೋ ಬೇಡ ಎಂದೋ ತಿಳಿಯದೆ, ಅವಳಿಗೆ ಮೂರು ದಿನ ನಿದ್ದೆ ಹತ್ತಲಿಲ್ಲ.

ಉಳಿದಿದ್ದದ್ದು ಎರಡು ದಿನ. ದೊಡ್ಡಮೂಗು ಮಾಲೀಕರಿಗೆ ಹೇಳಿ ಅದನ್ನು ವಾರವಾಗಿಸಿಕೊಟ್ಟರು. ಮೇಸ್ತ್ರಿಗೆ ರುಚಿ ಕೋಣೆ ನಿಷಿದ್ಧವಾಯಿತು. ಅವನು ಪೀಪಾಯಿಯಿಂದ ತೆಗೆದುಕೊಟ್ಟದ್ದನ್ನು ಗುಮಾಸ್ತರು ಟ್ರೇಯಲ್ಲಿ ಮೇಲಕ್ಕೆ ತರುತ್ತಿದ್ದರು. ಎರಡನೆಯ ದಿನದಿಂದ ಅವರು ಮೆಟ್ಟಿಲು ಹತ್ತುವುದು ನಿಂತಿತು. ಮೇಸ್ತ್ರಿ ಒಂದು ಹಗ್ಗ, ಒಂದು ಪೆಟ್ಟಿಗೆ, ಒಂದು ರಾಟೆ ಸೇರಿಸಿ, ಟ್ರೇ ತಾನೇ ಮೇಲೇರುವಂತೆ ಮಾಡಿದ್ದ. ಪೆಟ್ಟಿಗೆಯೊಳಗೆ ಬಿಸಿನೀರಿನ ಬಟ್ಟಲಿಟ್ಟು, ಗ್ಲಾಸುಗಳು ಬೆಚ್ಚಗೆ ಬರುವಂತೆಯೂ ಮಾಡಿದ್ದ. ಮಾತು ಮಾತ್ರ ಮೇಲೆ ಬರಲಿಲ್ಲ. ಎರಡು ತಿಂಗಳು ಬಾಯಿ ಮುಚ್ಚಿ ಎಂದು ಗೋಗರೆದವಳಿಗೆ ಆ ಮೌನ ಹಲ್ಲುನೋವಿನಂತೆ ಕಾಡಿತು.

ಅವಳು ಏಳನೇ ಸಾಲನ್ನು ನಡುವಿನಿಂದ ಎತ್ತಿ ಬದಿಗೆ ಕೂರಿಸಿದಳು. ದೂರ ಇಟ್ಟಿದ್ದ ಹೊಗೆಯ ಭಾವನನ್ನು ಒಂದೇ ಒಂದು ಚಮಚದಷ್ಟು ಒಳಗೆ ಕರೆದಳು. ಹದಿನಾಲ್ಕು ವರ್ಷದ ಧಾನ್ಯದ ವಿಸ್ಕಿಯನ್ನು ಮಧ್ಯಕ್ಕೆ ತಂದಳು. ಚಿಕ್ಕಮ್ಮ ಯಜಮಾನಿಯಾದದ್ದೇ ತಡ, ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ತೆಪ್ಪಗೆ ಕುಳಿತರು. ಹಿಂದಿನದರಷ್ಟು ಮುದ್ದಾಗಿರಲಿಲ್ಲ. ಆದರೆ ನಿಜವಾಗಿತ್ತು.

ದೊಡ್ಡಮೂಗು ಮಾಲೀಕರ ಎದುರು ಅದನ್ನು ಮೂಸಿ, ಕುಡಿದು, ಉಗುಳದೆ ನುಂಗಿದರು. “ಇದರಲ್ಲಿ ಇವಳ ಕೈ ಬಿಟ್ಟು ಬೇರೆ ಯಾರ ಕೈಯೂ ಇಲ್ಲ,” ಎಂದರು. ಕುರ್ಚಿ ಅವಳದಾಯಿತು.

ಮಾರನೆಯ ದಿನ ಸಹಿಗೆಂದು ಬಂದ ಮೊದಲ ಕಾಗದ ಮೇಸ್ತ್ರಿಯದು. ಊರಾಚೆಯ ಇನ್ನೊಂದು ಗೋದಾಮಿಗೆ ವರ್ಗ ಕೊಡಬೇಕು. ತನ್ನಿಂದ ರುಚಿ ಕೋಣೆಯ ಕೆಲಸಕ್ಕೆ ಮತ್ತೆ ತೊಂದರೆಯಾಗಬಾರದು. ಎರಡೇ ಸಾಲು. ಅವಳು ಅದನ್ನು ಮೂರು ಸಲ ಓದಿದಳು, ಮೂರು ಸಲವೂ ತಲೆ ಚಚ್ಚಿಕೊಳ್ಳುವಂತಾಯಿತು. ಸಂಜೆ ಕೆಲಸ ಬಿಡುವ ಗಂಟೆ ಹೊಡೆದ ಮೇಲೆ, ಕಾಗದ ಹಿಡಿದುಕೊಂಡು ಅವನು ಪೀಪಾಯಿ ಕಟ್ಟುವ ಕೊಟ್ಟಿಗೆಗೆ ಹೋದಳು. ಅವನು ಉಳಿಗಳನ್ನು ಒರೆಸಿಡುತ್ತಿದ್ದ.

“ಏನಿದು?”

“ಅರ್ಜಿ, ಮೇಡಂ.”

“ಓದೋಕೆ ಬರುತ್ತೆ ನನಗೆ. ಯಾಕೆ ಅಂತ ಕೇಳಿದೆ. ಪತ್ರದ ಸಿಟ್ಟಾ?”

ಅವನು ಉಳಿಯನ್ನು ತಿರುಗಿಸಿ ನೋಡಿದ. “ಮೂರು ದಿನ ಇತ್ತು. ಪೀಪಾಯಿ ಕೆರೆದೆ ಅಂದ್ರಲ್ಲ, ಅದಕ್ಕೆ. ನಾಲ್ಕನೇ ದಿನ ಗುಮಾಸ್ತರು ಪುಸ್ತಕದಲ್ಲಿ ಏನೇನು ಬರೆದಿದ್ರಿ ಅಂತ ಹೇಳಿದ್ರು. ನಲವತ್ತು ಸಲ ಅತ್ಯುತ್ತಮ ಅಂತೆ. ನನ್ನ ಕೈನ ಇಷ್ಟು ಹೊಗಳಿದವರು ಯಾರೂ ಇಲ್ಲ.”

ಅವಳ ಕಿವಿ ಕೆಂಪಾದವು. “ಹಾಗಾದ್ರೆ ಯಾಕೆ ಹೋಗ್ತಿದ್ದೀರಿ?”

“ನಾನು ಹತ್ರ ಇದ್ರೆ ನಿಮ್ಮ ಮೂಗು ಕೆಡುತ್ತೆ. ಕಷ್ಟಪಟ್ಟು ಸಿಕ್ಕಿದ ಕುರ್ಚಿ.”

“ಮೂಗಿನ ವಿಷಯ ನನಗೆ ಹೇಳಿಕೊಡ್ತೀರಾ?” ಅವಳು ಕವುಚಿ ಹಾಕಿದ ಪೀಪಾಯಿಯ ಮೇಲೆ ಕುಳಿತಳು. ಸಿಟ್ಟಿಗೆ ಮಾತು ತಡವರಿಸಿತು. “ಅಪರೂಪಕ್ಕೆ ಬರೋ ವಾಸನೆ ಮೂಗಿಗೆ ಗೊತ್ತಾಗೋದು, ಮೇಸ್ತ್ರಿ. ದಿನಾ ಇರೋದು ಗೊತ್ತಾಗಲ್ಲ. ಅವರವರ ಮನೆ ವಾಸನೆ ಅವರವರಿಗೆ ತಿಳಿಯುತ್ತಾ? ನೀವು ಊರಾಚೆ ಹೋಗಿ, ತಿಂಗಳಿಗೊಂದ್ಸಲ ಎಲ್ಲೋ ಎದುರು ಸಿಕ್ಕಿದ್ರೆ ಆ ವಾರವೆಲ್ಲ ನನ್ನ ಕೆಲಸ ಹಾಳು. ಸಣ್ಣ ಲೆಕ್ಕ ಇದು. ಇದಕ್ಕೆ ಇರೋ ಪರಿಹಾರ ಒಂದೇ.”

ಅವನ ಕೈಯಲ್ಲಿದ್ದ ಬಟ್ಟೆ ನಿಂತಿತು. ಅವಳನ್ನು ನೋಡಿದ; ತಮಾಷೆಯೋ ಎಂದು ಹುಡುಕಿದ. ಮೂಗಿನ ತುದಿಯ ಕೋಪ ಅಲ್ಲೇ ಇತ್ತು, ಅದರ ಮೇಲಿನ ಕಣ್ಣುಗಳು ಮಾತ್ರ ನೆಲ ನೋಡುತ್ತಿದ್ದವು.

“ಮೂಗಿಗೆ ಪೂರ್ತಿ ಒಗ್ಗೋಕೆ ಎಷ್ಟು ವರ್ಷ ಬೇಕು?” ಎಂದು ಕೇಳಿದ, ಬಹಳ ಮೆಲ್ಲಗೆ.

“ಗೊತ್ತಿಲ್ಲ. ಕೆಲವಕ್ಕೆ ಒಗ್ಗೋದೇ ಇಲ್ಲ.”

“ಆಗೇನು ಮಾಡ್ತೀರಿ?”

“ದಿನಾ ಬೈಯ್ತೀನಿ.”

ಅವನು ಅವಳ ಕೈಯಿಂದ ಅರ್ಜಿಯನ್ನು ತೆಗೆದುಕೊಂಡು ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಆಮೇಲೆ ತನ್ನ ಅಂಗೈಗಳನ್ನು ನೋಡಿಕೊಂಡು, ತೊಳೆದುಕೊಂಡು ಬರುತ್ತೇನೆ ಎಂದು ನಲ್ಲಿಯ ಕಡೆ ಹೊರಟ.

“ತೊಳೆಯೋದೇನೂ ಬೇಡ,” ಎಂದಳು ಅವಳು, ರೇಗಿಯೇ, ಕೈ ಮುಂದೆ ಚಾಚಿ. “ಈಗ ನಾನು ಕೆಲಸದಲ್ಲಿಲ್ಲ.”