ಕಳವಾದ ಕ್ಲೈಮ್ಯಾಕ್ಸ್

ತಾರೀಖು ಹನ್ನೆರಡು, ಸೋಮವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಬಂದ ದೂರಿನಂಥ ದೂರು, ಪೊಲೀಸರು ಹುಟ್ಟಿದ ಮೇಲೆ ಯಾವ ಠಾಣೆಗೂ ಬಂದಿಲ್ಲ. ಎರಡು ಹಾಳೆ, ಅಂಚು ಬಿಟ್ಟು ಬರೆದದ್ದು, ಒಂದೂ ಚಿತ್ತುಕಾಟಿಲ್ಲ. ಮೇಜಿನ ಮೇಲಿನ ಲೋಟದಲ್ಲಿ ಚಹಾ ಎಲ್ಲಿಯವರೆಗಿತ್ತು, ಕಿಟಕಿಯ ಎಡಬಾಗಿಲು ಎಷ್ಟು ಬೆರಳು ತೆರೆದಿತ್ತು, ಕುರ್ಚಿಗೆ ಹಾಕಿದ್ದ ಟವೆಲಿನ ಯಾವ ತುದಿ ನೆಲಕ್ಕೆ ತಾಗಿತ್ತು, ಎಲ್ಲವೂ ಅದರಲ್ಲಿತ್ತು. "ಯಾವಾಗಲೋ ಯಾರೋ ಏನೋ ಮಾಡಿದ್ದಾರೆ" ಎಂಬ ದೂರುಗಳನ್ನೇ ಮೂವತ್ತು ವರ್ಷ ಓದಿ ಸವೆದಿದ್ದ ದಫೇದಾರರ ಕಣ್ಣಲ್ಲಿ ನೀರು ಬಂತು. ಒಂದು ಬಕೆಟ್ ಎಂದರೂ ಕಡಿಮೆಯೇ.

ದೂರು ತಂದವರು ಇಬ್ಬರು. ಒಬ್ಬ ಸಿನಿಮಾ ನಿರ್ದೇಶಕ. ಒಂಬತ್ತು ವರ್ಷದಿಂದ ಒಂದೇ ಸಿನಿಮಾ ತೆಗೆಯುತ್ತಿದ್ದ. ಅದರಲ್ಲಿ ಕೂಸಾಗಿ ನಟಿಸಿದವನು ಈಗ ಅದೇ ಸಿನಿಮಾದಲ್ಲಿ ತನ್ನ ಅಣ್ಣನ ಪಾತ್ರಕ್ಕೆ ಬಂದು ನಿಂತಿದ್ದ. ಇನ್ನೊಬ್ಬರು ನಿರ್ದೇಶಕನ ಅಕ್ಕ. ಒಂದು ದೃಶ್ಯದಲ್ಲಿ ಯಾರ ಯಾವ ಗುಂಡಿ ಬಿಚ್ಚಿತ್ತು, ಯಾರ ಕೈಯಲ್ಲಿ ಏನಿತ್ತು ಎಂದು ಬರೆದಿಟ್ಟು, ಮುಂದಿನ ದೃಶ್ಯದಲ್ಲಿ ಅದೇ ಥರ ಇರುವಂತೆ ನೋಡಿಕೊಳ್ಳುವುದು ಅವರ ಕೆಲಸ. ಅದನ್ನು ಸಿನಿಮಾದವರು ಕಂಟಿನ್ಯುಟಿ ಎನ್ನುತ್ತಾರೆ. ಕಂಕುಳಲ್ಲಿ ಒಂದು ನೋಟುಬುಕ್ಕು, ಕಿವಿಯ ಮೇಲೆ ಒಂದು ಪೆನ್ಸಿಲ್ಲು.

ಇನ್ಸ್‌ಪೆಕ್ಟರ್ ಸಾಮಾನ್ಯರಲ್ಲ. ಅವರು ಒಮ್ಮೆ ದುರುಗುಟ್ಟಿದರೆ ಠಾಣೆಯ ಗೋಡೆ ಗಡಿಯಾರ ತಾನು ಐದು ನಿಮಿಷ ಹಿಂದಿರುವುದಾಗಿ ಒಪ್ಪಿಕೊಳ್ಳುತ್ತಿತ್ತು.

"ಏನು ಕಳವಾಗಿದೆ?"

"ಕ್ಲೈಮ್ಯಾಕ್ಸ್ ಸಾರ್," ಎಂದ ನಿರ್ದೇಶಕ.

"ಅಂದ್ರೆ?"

"ಚಿತ್ರಕತೆಯ ಕೊನೆಯ ಹನ್ನೊಂದು ಪುಟ."

"ಅದರಲ್ಲಿ ಏನಿತ್ತು?"

"ಒಬ್ಬ ಇನ್ಸ್‌ಪೆಕ್ಟರ್ ಬಂದು ಕಳ್ಳನ್ನ ಹಿಡೀತಾನೆ ಸಾರ್."

"ಕಳ್ಳ ಯಾರು?"

"ಅದೇ ಸಾರ್ ಆ ಪುಟಗಳಲ್ಲಿ ಇದ್ದದ್ದು!"

ದಫೇದಾರರು ಕೆಮ್ಮಿದರು. ಇನ್ಸ್‌ಪೆಕ್ಟರ್ ಕೆಮ್ಮಲಿಲ್ಲ.

"ಸಿಗದಿದ್ರೆ ಏನಾಗುತ್ತೆ?"

ಉತ್ತರ ಕೊಟ್ಟವರು ಅಕ್ಕ. "ಭಾನುವಾರ ಒಂದು ಥಿಯೇಟರಿನೋರು ಒಂದು ಆಟಕ್ಕೆ ಒಪ್ಪಿದಾರೆ ಸಾರ್. ಶುಕ್ರವಾರ ಸಂಜೆ ಐದರೊಳಗೆ ಸಿನಿಮಾ ಕೈಗೆ ಕೊಡ್ಬೇಕು. ಕೊಡದಿದ್ರೆ ನಮ್ಮ ಆಫೀಸು ನಮ್ಮ ಯಜಮಾನರ ಹಾಸಿಗೆ ಅಂಗಡಿಗೆ ಗೋಡೌನ್ ಆಗುತ್ತೆ. ಇವನು ಕೌಂಟರಿನಲ್ಲಿ ನಿಂತು ದಿಂಬು ಮಾರ್ತಾನೆ. ಹಾಗಂತ ಮಾತಾಗಿದೆ."

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಕಳವಾದ ಸ್ವತ್ತು: ಅಂತ್ಯ, ಒಂದು.

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಸ್ಥಳ ಪಂಚನಾಮೆ. ಹಾಸಿಗೆ ಅಂಗಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲ ಮೇಲೆ ಎಷ್ಟು ಹತ್ತಿ ಹಾರಾಡುತ್ತಿತ್ತೆಂದರೆ, ಹತ್ತಿದವರು ಮೇಲೆ ತಲುಪುವಷ್ಟರಲ್ಲಿ ಅರ್ಧ ದಿಂಬಾಗಿರುತ್ತಿದ್ದರು. ಪಂಚರಾಗಿ ಎದುರಿನ ಬೀಗ ರಿಪೇರಿಯವನೂ ಪಕ್ಕದ ದರ್ಜಿಯೂ ಬಂದರು. ಕೋಣೆಯಲ್ಲಿ ಮೇಜು ಒಂದು, ಕುರ್ಚಿ ಮೂರು, ಬೀಗ ಹಾಕಿದ, ಬಾಗಿಲ ಹಲಗೆಯಲ್ಲಿ ಅಂಗೈಯಗಲ ಸಂದಿ ಬಿದ್ದ ಮರದ ಬೀರು ಒಂದು. ಬೀರುವಿನ ಕೀಲಿ ಕಳೆದು ಎರಡು ವರ್ಷವಾಯಿತೆಂದು ನಿರ್ದೇಶಕ ಹೇಳಿದ.

"ಸಾರ್, ನೀವು ಇಲ್ಲಿ ನಿಂತ್ಕೊಳ್ಳಿ," ಎಂದು ಅವನೇ ಇನ್ಸ್‌ಪೆಕ್ಟರನ್ನು ಕಿಟಕಿಯ ಹತ್ತಿರ ಕರೆದ. ನೆಲದ ಮೇಲೆ ಸೀಮೆಸುಣ್ಣದ ಗುರುತಿತ್ತು.

"ಯಾಕೆ ಇಲ್ಲೇ?"

"ಬೇರೆ ಕಡೆ ಹಲಗೆ ಸಡಿಲ ಸಾರ್."

ಇನ್ಸ್‌ಪೆಕ್ಟರ್ ನಿಂತರು. ಎಡ ಜೇಬಿನಿಂದ ಪೆನ್ನು ತೆಗೆದರು. "ಕೊನೆಯ ಸಲ ಪುಟಗಳನ್ನು ನೋಡಿದ್ದು ಯಾರು?" ಎಂದು ಗುಡುಗಿದರು. ಕೆಳಗೆ ಲಾರಿಯೊಂದು ಹಾರ್ನ್ ಹೊಡೆಯಿತು.

"ಸಾರ್, ದಯವಿಟ್ಟು ಇನ್ನೊಂದ್ಸಲ ಕೇಳಿ. ಲಾರಿ ಬಂತು."

"ನಿಮಗೆ ಕೇಳಿಸ್ಲಿಲ್ವಾ?"

"ನನಗೆ ಕೇಳಿಸ್ತು ಸಾರ್. ಆದ್ರೂ."

ಕೇಳಿದರು. ಎರಡನೆಯ ಸಲ ಗುಡುಗು ಇನ್ನೂ ಚೆನ್ನಾಗಿ ಬಂತು. ಕೆಳಗಿನ ಅಂಗಡಿಯಲ್ಲಿ ಆರು ಹಾಸಿಗೆ ತಾವಾಗಿಯೇ ಸುರುಳಿ ಸುತ್ತಿಕೊಂಡವೆಂದು ನಿರ್ದೇಶಕನ ಭಾವ ಆಮೇಲೆ ಹೇಳಿಕೆ ಕೊಟ್ಟರು.

ಪಂಚನಾಮೆಗೆ ಸಹಿ ಬೀಳುವಾಗ ಜೊತೆಗೆ ಬಂದಿದ್ದ ಮಹಿಳಾ ಪೇದೆ ದಫೇದಾರರ ಕಿವಿಯಲ್ಲಿ, "ದಫೇದಾರಣ್ಣ, ಚಹಾ ಕುಡಿದದ್ದು ಏಳು ಜನ. ನಾವು ಮೂವರು, ಪಂಚರು ಇಬ್ಬರು, ಅಕ್ಕ ತಮ್ಮ ಇಬ್ಬರು. ಸರಿಯಾಯ್ತು. ಮತ್ತೆ ಬೀರು ಮೇಲೆ ಎಂಟನೇ ಲೋಟ ಯಾರದ್ದು? ಖಾಲಿಯಾಗಿದೆ, ಮುಟ್ಟಿದ್ರೆ ಇನ್ನೂ ಬೆಚ್ಚಗಿದೆ," ಎಂದಳು.

"ಬೀರು ಕುಡಿದಿರಬೇಕು ಬಿಡಮ್ಮ," ಎಂದ ದಫೇದಾರರು ಬೀರುವಿನ ಕಡೆ ಒಮ್ಮೆ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು, ಮೀಸೆ ತೀಡಿದರು.

ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಮರುವಿಚಾರಣೆ. ದಫೇದಾರರ ಸಮವಸ್ತ್ರದ ಇಸ್ತ್ರಿಯ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ತಲೆಗೂದಲು ಇದ್ದಿಲಿಗಿಂತ ಕಪ್ಪಗಿತ್ತು. ಇನ್ಸ್‌ಪೆಕ್ಟರ್ ಸೀಮೆಸುಣ್ಣದ ಗುರುತಿನ ಮೇಲೆ ನಿಂತು, ಬಲ ಜೇಬಿಗೆ ಕೈ ಹಾಕಿ ಪೆನ್ನು ತೆಗೆದರು.

ಅಕ್ಕನ ಬಾಯಿಂದ ಮಾತು ಜಾರಿಯೇಬಿಟ್ಟಿತು. "ಸಾರ್, ನಿನ್ನೆ ಪೆನ್ನು ಎಡ ಜೇಬಲ್ಲಿತ್ತು."

ಇನ್ಸ್‌ಪೆಕ್ಟರ್ ಪೆನ್ನು ಹಿಡಿದ ಕೈಯನ್ನೇ ನೋಡಿಕೊಂಡರು.

"ಇದ್ರೆ?"

"ಏನಿಲ್ಲ. ಹಾಗೇ ಕಣ್ಣಿಗೆ ಬಿತ್ತು." ಅಷ್ಟರಲ್ಲಿ ಅವರ ದೃಷ್ಟಿ ದಫೇದಾರರ ತಲೆಯ ಮೇಲೆ ಬಿದ್ದು, ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ಅಯ್ಯೋ ಪುಣ್ಯಾತ್ಮಾ, ಇವರ ತಲೆ! ನಿನ್ನೆ ಬೆಳ್ಳಗಿತ್ತಲ್ರೀ!"

"ಅಕ್ಕಾ, ಸುಮ್ನಿರೇ," ಎಂದು ತಮ್ಮ ಹಲ್ಲು ಕಚ್ಚಿದ.

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರ್ ಕನಿಷ್ಠ ಎಂಟು ಲಕ್ಷ ಜನರನ್ನು ವಿಚಾರಿಸಿದ್ದರು. ಅವರ ಮುಂದೆ ನಿಂತವರಿಗೆ ತಮ್ಮ ಹೆಸರೇ ಮರೆತುಹೋಗುತ್ತಿತ್ತು. ನಿನ್ನೆ ಪೆನ್ನು ಯಾವ ಜೇಬಲ್ಲಿತ್ತು ಎಂದು ನೆನಪಿಟ್ಟುಕೊಂಡವರು ಇವರೊಬ್ಬರೇ. ಇನ್ಸ್‌ಪೆಕ್ಟರ್ ಠಾಣೆಗೆ ಮರಳಿ ಕಡತ ತೆರೆದರು. ಸೀಮೆಸುಣ್ಣ. ಲಾರಿ. ಎಂಟನೆಯ ಲೋಟ. ಈಗ ಪೆನ್ನು.

ಮಧ್ಯಾಹ್ನ ಎರಡಕ್ಕೆ ಮಹಿಳಾ ಪೇದೆ ಚಿತ್ರಕತೆ ಬರೆದವನ ಮನೆಗೆ ಹೋದಳು. ಅವನು ಬಟ್ಟೆ ಒಣಹಾಕುತ್ತಿದ್ದ.

"ಕೊನೆಯ ಹನ್ನೊಂದು ಪುಟ ಬರೆದದ್ದು ಯಾವಾಗ?"

"ಬರೆದೇ ಇಲ್ಲಮ್ಮ. ಇನ್ಸ್‌ಪೆಕ್ಟರ್ ಪಾರ್ಟು ಮಾಡ್ಬೇಕಾದೋನು ಧಾರಾವಾಹಿಯಲ್ಲಿ ಜಡ್ಜ್ ಆಗಿ ಹೋದ. ಬಡ್ತಿ ಸಿಕ್ತು ಅವನಿಗೆ. ಇನ್ಸ್‌ಪೆಕ್ಟರೇ ಇಲ್ಲದ ಮೇಲೆ ಏನಂತ ಬರೀಲಿ?"

ಇಲ್ಲದ ಪುಟ ಕಳವಾಗುವುದಿಲ್ಲ. ಇದು ಕಾನೂನಿನಲ್ಲಿ ಇರಲಿ ಇಲ್ಲದಿರಲಿ, ಇನ್ಸ್‌ಪೆಕ್ಟರ್ ಕಡತದ ಅಂಚಿನಲ್ಲಿ ಬರೆದರು. ಆಮೇಲೆ ದಫೇದಾರರನ್ನು ಕರೆದರು.

"ಬೀರುವಿನೊಳಗೆ ಕ್ಯಾಮೆರಾ ಇದೆ ಅಂತ ನಿಮಗೆ ಗೊತ್ತಿತ್ತಾ?"

"ಅನುಮಾನ ಇತ್ತು ಸಾರ್."

"ಯಾವತ್ತಿಂದ?"

"ಮಂಗಳವಾರ ಹನ್ನೊಂದೂಕಾಲಿನಿಂದ."

"ಯಾಕ್ರೀ ಹೇಳ್ಲಿಲ್ಲ?"

ದಫೇದಾರರು ಬೂಟಿನ ತುದಿ ನೋಡಿಕೊಂಡರು. "ಈ ಮುಖ ಯಾವ ಕೆಲಸಕ್ಕೂ ಬರಲ್ಲ ಅಂತ ನನ್ನ ಹೆಂಡ್ತಿ ಮೂವತ್ತು ವರ್ಷದಿಂದ ಹೇಳ್ತಾನೇ ಇದಾಳೆ ಸಾರ್."

ಇನ್ಸ್‌ಪೆಕ್ಟರ್ ಬಹಳ ಹೊತ್ತು ಗಡಿಯಾರವನ್ನು ನೋಡಿದರು. ಗಡಿಯಾರ ಬೆವರಿತು.

ಗುರುವಾರ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಮೆಟ್ಟಿಲ ಕೆಳಗೆ ಇನ್ಸ್‌ಪೆಕ್ಟರ್ ನಿಂತರು. "ದಫೇದಾರ್ರೇ, ಟೋಪಿ ಹಾಕ್ಕೊಳ್ಳಿ. ಕೂದಲು ಒಂದೂ ಕಾಣ್ಬಾರ್ದು," ಎಂದರು. ಯಾಕೆ ಎಂದು ಯಾರೂ ಕೇಳಲಿಲ್ಲ.

ಬೀಗ ರಿಪೇರಿಯವನು ಬೀರು ತೆರೆಯಲು ತೆಗೆದುಕೊಂಡದ್ದು ನಾಲ್ಕು ಸೆಕೆಂಡು. ಒಳಗೆ ಸ್ಟೂಲಿನ ಮೇಲೆ ಕ್ಯಾಮೆರಾದವನು ಮಂಡಿಯನ್ನು ಗಲ್ಲಕ್ಕೆ ಒತ್ತಿಕೊಂಡು ಮಡಚಿದ ಕೊಡೆಯಂತೆ ಕೂತಿದ್ದ. ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ಕ್ಯಾಮೆರಾಕ್ಕೆ ಅಂಟಿತ್ತು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಲೇ ಇತ್ತು.

"ಸಾರ್, ಒಂದು ಹೆಜ್ಜೆ ಆಕಡೆ. ನಿಮ್ಮ ನೆರಳು ಬೀಳ್ತಿದೆ," ಎಂದ ಅವನು.

ನಿರ್ದೇಶಕ ಎರಡೂ ಕೈ ಮುಂದೆ ಚಾಚಿ ಬಂದ. "ನನ್ನನ್ನು ಹಿಡೀರಿ ಸಾರ್. ಎಲ್ಲಾ ನನ್ನ ಪ್ಲಾನು."

"ನಿನ್ನ ಪ್ಲಾನಾಗಿದ್ರೆ ಒಂಬತ್ತು ವರ್ಷ ಹಿಡೀತಿತ್ತು," ಎಂದರು ಇನ್ಸ್‌ಪೆಕ್ಟರ್. ದೂರಿನ ಎರಡು ಹಾಳೆಗಳನ್ನು ಮೇಜಿನ ಮೇಲಿದ್ದ ನೋಟುಬುಕ್ಕಿನ ಪಕ್ಕ ಇಟ್ಟರು. ಅದೇ ಅಕ್ಷರ, ಅದೇ ಅಂಚು. "ಈ ದೂರು ಬರೆದದ್ದು ಯಾರು?"

"ನಾನು," ಎಂದರು ಅಕ್ಕ.

"ಬೀರು, ಸೀಮೆಸುಣ್ಣ?"

"ನಂದೇ. ಇವನಿಗೆ ಚಹಾ ಹೇಳೋದು ಬಿಟ್ಟು ಬೇರೆ ಏನೂ ಕೊಟ್ಟಿರ್ಲಿಲ್ಲ. ಅದನ್ನೂ ಒಂದು ಲೋಟ ಜಾಸ್ತಿ ಹೇಳಿದ."

"ಅವನೂ ಮನುಷ್ಯ ಅಲ್ವೇನೇ ಅಕ್ಕಾ, ಬೆಳಗ್ಗೆಯಿಂದ ಒಳಗಿದ್ದ!"

ಇನ್ಸ್‌ಪೆಕ್ಟರ್ ಗುರುತಿನ ಮೇಲೆ ಹೋಗಿ ನಿಂತರು. ಕಿಟಕಿಯ ಬೆಳಕು ಅವರ ಮುಖದ ಮೇಲೆ ಬಿತ್ತು. ಬಲ ಜೇಬಿನಿಂದ ಪೆನ್ನು ತೆಗೆದು, ಯಾರ ಕಡೆಗೂ ನೋಡದೆ, ಎಡ ಜೇಬಿಗೆ ಸಿಕ್ಕಿಸಿದರು. ಗಂಟಲು ಸರಿಮಾಡಿಕೊಂಡರು. "ಸುಳ್ಳು ದೂರು ಕೊಟ್ಟು ಪೊಲೀಸರ ದಾರಿ ತಪ್ಪಿಸಿದ ಆರೋಪದ ಮೇಲೆ ನಿಮ್ಮನ್ನು ದಸ್ತಗಿರಿ ಮಾಡ್ತಿದ್ದೀನಿ. ನಡೀರಿ!"

ಆ ದನಿಗೆ ಬೀದಿಯ ಲಾರಿಗಳೆಲ್ಲ ಹಾರ್ನ್ ನಿಲ್ಲಿಸಿದವು. ಒಂದೇ ಸಲಕ್ಕೆ ಸರಿಬಂದ ಮಾತು. ಮಹಿಳಾ ಪೇದೆ ಅಕ್ಕನ ತೋಳು ಹಿಡಿದಳು. ಒಂಬತ್ತು ವರ್ಷ ಕ್ಯಾಮೆರಾದ ಹಿಂದೆಯೇ ನಿಂತಿದ್ದ ಆ ಹೆಂಗಸು ಮೊದಲ ಬಾರಿಗೆ ಅದರ ಮುಂದೆ ನಡೆದು ಹೋದರು. ಬಾಗಿಲ ಹತ್ತಿರ ದಫೇದಾರರು ಅಗತ್ಯಕ್ಕಿಂತ ಎರಡು ನಿಮಿಷ ಹೆಚ್ಚಾಗಿ ಬಾಗಿಲು ಹಿಡಿದು ನಿಂತರು.

ಕ್ಯಾಮೆರಾವನ್ನೂ ಅದರೊಳಗಿನ ಕಾರ್ಡನ್ನೂ ಜಪ್ತಿ ಮಾಡಲಾಯಿತು. ಸಾಕ್ಷ್ಯದ ಪ್ರತಿಯನ್ನು ಆರೋಪಿಗೆ ಒದಗಿಸಬೇಕೆಂಬ ನಿಯಮವಿದೆ. ಸಾಮಾನ್ಯವಾಗಿ ಆ ಪ್ರತಿ ಕೈಗೆ ಬರುವಷ್ಟರಲ್ಲಿ ಆರೋಪಿಗೆ ಮೊಮ್ಮಕ್ಕಳಾಗಿರುತ್ತಾರೆ. ಈ ಪ್ರಕರಣದಲ್ಲಿ ಅದೇ ಸಂಜೆ ಐದೂ ಹತ್ತಕ್ಕೆ, ಮೂರು ದಿನದ ಚಿತ್ರೀಕರಣವೆಲ್ಲ ಸೇರಿ, ರಸೀದಿ ಪಡೆದು ಕೊಡಲಾಯಿತು. ಭೂಮಿಯ ಮೇಲೆ ಇದಕ್ಕಿಂತ ಬೇಗ ಯಾವ ಪ್ರತಿಯೂ ಯಾರಿಗೂ ಸಿಕ್ಕಿಲ್ಲ. ಕಡತದ ಕೊನೆಗೆ ಪಿನ್ ಮಾಡಿದ ಥಿಯೇಟರಿನ ಭಾನುವಾರದ ಮೂರು ಟಿಕೆಟ್ ಚೂರುಗಳು ಅಲ್ಲಿಗೆ ಹೇಗೆ ಬಂದವೆಂದು ದಾಖಲೆಯಲ್ಲಿಲ್ಲ. ದಫೇದಾರರ ಹೆಂಡತಿ ಎರಡು ಸಲ ನೋಡಿದರಂತೆ.

ಆ ಗುರುವಾರ ಸಂಜೆ ಜಾಮೀನು ಠಾಣೆಯಲ್ಲೇ ಸಿಕ್ಕಿತು. ಸಹಿ ಹಾಕುವ ಮೊದಲು ಇನ್ಸ್‌ಪೆಕ್ಟರ್ ಕೇಳಿದರು: "ತಮ್ಮನಿಗಾಗಿ ಇಷ್ಟೆಲ್ಲಾ ಮಾಡಿದ್ರಾ?"

"ಇವನು ದಿಂಬು ಮಾರಿದ್ರೂ ಬದುಕ್ತಾನೆ ಸಾರ್," ಎಂದರು ಅಕ್ಕ. "ನೂರಾ ಹನ್ನೊಂದು ದೃಶ್ಯ ಬರೆದಿಟ್ಟಿದೀನಿ. ಇಪ್ಪತ್ಮೂರು ನೋಟುಬುಕ್ಕು. ಕೊನೆಯ ಪುಟ ಖಾಲಿ ಇತ್ತು."

ಸಹಿಗೆಂದು ಇನ್ಸ್‌ಪೆಕ್ಟರ್ ಕೊಟ್ಟ ಪೆನ್ನಿನಿಂದ ಅವರು ಮೊದಲು ಆ ಪುಟ ತುಂಬಿದರು:

ದೃಶ್ಯ ನೂರಾ ಹನ್ನೆರಡು. ಇನ್ಸ್‌ಪೆಕ್ಟರ್: ಪೆನ್ನು ಎಡ ಜೇಬು. ದಫೇದಾರ್: ಟೋಪಿ ಇದೆ, ಸದ್ಯ. ಅಕ್ಕ: ನೀಲಿ ಸ್ವೆಟರ್, ಬಲ ಭುಜಕ್ಕೆ ಹತ್ತಿ ಅಂಟಿದೆ.

ಸ್ವಲ್ಪ ಯೋಚಿಸಿ, ಇನ್ನೊಂದು ಪದ ಸೇರಿಸಿದರು: ನಗುತ್ತಿದ್ದಾಳೆ.