ರಿಮ್ಮಾಳ ಕಿಟಕಿಯ ಸಸಿಗಳು

"ಸಂಜೆಯಾದರೆ ನಿಮ್ಮ ಕಿಟಕಿಯಲ್ಲಿ ಗುಲಾಬಿ ದೀಪ ಹತ್ತಿಕೊಳ್ಳತ್ತೆ. ನಮ್ಮ ಬ್ಲಾಕಿನವರು ಏನೇನೋ ಮಾತಾಡ್ತಿದಾರೆ," ಎಂದ ಬಾಗಿಲಲ್ಲಿ ನಿಂತಿದ್ದವ. ಎದುರು ಬ್ಲಾಕಿಗೆ ಹೊಸದಾಗಿ ಬಂದ ಸವೇಲಿ. ಟೋಪಿಯ ಮೇಲೆ ಹಿಮ.

"ಏನಂತೆ?"

"ಡಾನ್ಸ್ ಕ್ಲಬ್ ಅಂತೆ."

ಐವತ್ತು ದಾಟಿದ ರಿಮ್ಮಾ ತನ್ನ ಮಣ್ಣು ಮೆತ್ತಿದ ಕೈಗಳನ್ನು ನೋಡಿಕೊಂಡು ನಕ್ಕಳು. "ಬನ್ನಿ ಒಳಗೆ. ನನ್ನ ಡಾನ್ಸರುಗಳನ್ನ ತೋರಿಸ್ತೀನಿ."

ಕಿಟಕಿಯ ಕಟ್ಟೆಯ ತುಂಬ ಮೊಸರಿನ ಖಾಲಿ ಡಬ್ಬಿಗಳು. ಅವುಗಳಲ್ಲಿ ಟೊಮೆಟೊ ಸಸಿಗಳು ಆಗಷ್ಟೇ ಬೆನ್ನು ಬಗ್ಗಿಸಿಕೊಂಡು ಮಣ್ಣಿನಿಂದ ಮೇಲೇಳುತ್ತಿದ್ದವು. ಹೊರಗೆ ಕಾಮಾ ನದಿ ಇನ್ನೂ ಕಲ್ಲಿನಂತೆ ಹೆಪ್ಪುಗಟ್ಟಿತ್ತು.

"ಇದಕ್ಕೇನಾ ದೀಪ?"

"ಮಾರ್ಚ್ ಬಿಸಿಲು ಸಾಕಾಗಲ್ಲ ಇವಕ್ಕೆ."

ಸವೇಲಿ ಮೂಗು ಡಬ್ಬಿಗೆ ತಾಗುವಷ್ಟು ಬಗ್ಗಿ ನೋಡಿದ. ನೋಡುತ್ತಲೇ ಇದ್ದ. ಅವನು ದೋಣಿಗಳ ಮೆಕ್ಯಾನಿಕ್. ನದಿಯ ಮಂಜುಗಡ್ಡೆ ಒಡೆಯುವವರೆಗೆ ಕೆಲಸವಿಲ್ಲ. ಮರುದಿನವೂ ಬಂದ, ಅದರ ಮರುದಿನವೂ.

ವಿಧವೆಯಾದ ಮೇಲೆ ರಿಮ್ಮಾಳ ಬದುಕಿನಲ್ಲಿ ಸಂತೋಷವೆಂದು ಉಳಿದದ್ದು ಇದೊಂದೇ. ಬೆಳಗ್ಗೆ ಎದ್ದು, ಚಹಾಕ್ಕೆ ನೀರಿಡುವ ಮೊದಲೇ, ಡಬ್ಬಿಗಳ ಮೇಲಿನ ಪ್ಲಾಸ್ಟಿಕ್ ಸರಿಸಿ ಹೊಸದಾಗಿ ಯಾರು ಬಂದಿದ್ದಾರೆಂದು ನೋಡುವುದು. ಈಗ ಅದನ್ನು ಹೇಳಿಕೊಳ್ಳಲು ಒಬ್ಬ ಸಿಕ್ಕಿದ್ದ.

ಸಸಿಗಳನ್ನು ಬಿಡಿಸಿ ಬೇರೆ ಡಬ್ಬಿಗೆ ನೆಡುವ ದಿನ ಅವನ ದಪ್ಪ ಬೆರಳುಗಳು ಕಾಂಡವನ್ನೇ ಹಿಡಿದವು.

"ಕಾಂಡ ಹಿಡೀಬೇಡಿ, ಎಲೆ ಹಿಡೀರಿ. ಎಲೆ ಹರಿದರೆ ಇನ್ನೊಂದು ಬರತ್ತೆ."

"ಇಂಜಿನ್ ಬಿಚ್ಚೋ ಕೈ ಕಣ್ರೀ ಇದು."

"ಗೊತ್ತಾಗ್ತಿದೆ. ನಾನು ಹಿಡ್ಕೋತೀನಿ, ಕೊಡಿ." ಅವಳು ಹಿಡಿದದ್ದು ಸಸಿಯನ್ನಲ್ಲ, ಅವನ ಮಣಿಕಟ್ಟನ್ನು. ಅವಳ ಕೆನ್ನೆಗೆ ಮಣ್ಣು ತಗುಲಿತ್ತು. ಅದನ್ನು ಒರೆಸಲು ಕೈಯೆತ್ತಿದವನು ಅರ್ಧಕ್ಕೆ ತಡೆದು, "ಮೇ ತಿಂಗಳಲ್ಲಿ ಊರಾಚೆಯ ನಿಮ್ಮ ತೋಟದಲ್ಲಿ ಈ ಸಸಿಗಳಿಗೆ ಗಾಜಿನ ಮನೆ ಕಟ್ಟಿಕೊಡ್ತೀನಿ," ಎಂದ. ಅವಳು ಆ ವಾರ ಇನ್ನಷ್ಟು ಬೀಜ ಹಾಕಿದಳು.

ಏಪ್ರಿಲ್‌ನ ಒಂದು ಸಂಜೆ ಬಂದವನು ಕೋಟು ತೆಗೆಯಲಿಲ್ಲ.

"ನಾನು ಕಿರೋವ್‌ಗೆ ಹೋಗ್ಬೇಕು. ವೇರಾಗೆ ಲಕ್ವ ಹೊಡೆದಿದೆ."

ವೇರಾ ಅವನ ಹೆಂಡತಿ. ಬೇರೆಯಾಗಿ ಬಹಳ ವರ್ಷಗಳಾಗಿದ್ದವು. ವಿಚ್ಛೇದನದ ಗೋಜಿಗೆ ಇಬ್ಬರೂ ಹೋಗಿರಲಿಲ್ಲ.

"ಮಾತು ನಿಂತಿದೆ. ಬಲಗೈ ಬಲಗಾಲು ಎರಡಕ್ಕೂ ಸ್ವಾಧೀನ ಇಲ್ಲ. ಅವಳಿಗೆ ಯಾರೂ ಇಲ್ಲ."

"ನನಗೆ?" ಕೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು.

ಅವಳು ಬೇಗ ಮಾತು ತಿರುಗಿಸಿದಳು.

"ಎಷ್ಟು ದಿನ ಆಗಬಹುದು?"

"ಹೃದಯ ಗಟ್ಟಿಯಿದೆಯಂತೆ. ಇನ್ನೂ ಬಹಳ ವರ್ಷ ಇರ್ತಾಳೆ ಅಂದ್ರು ಡಾಕ್ಟರು."

ಆ ಹೃದಯ ಅಷ್ಟು ಗಟ್ಟಿಯಾಗಿರದಿದ್ದರೆ ಎಂದು ರಿಮ್ಮಾಳಿಗೆ ಒಂದು ಕ್ಷಣ ಅನ್ನಿಸಿತು. ಅಂಥದ್ದನ್ನು ಬಯಸುವ ಹೆಂಗಸು ತಾನೆಂದು ಅವಳಿಗೆ ಅದುವರೆಗೆ ತಿಳಿದಿರಲಿಲ್ಲ. ಸಿಂಕಿನ ಬಳಿ ಹೋಗಿ ತೊಳೆದ ಕೈಯನ್ನೇ ಮತ್ತೆ ತೊಳೆದಳು.

"ರಿಮ್ಮಾ," ಎಂದ ಹಿಂದಿನಿಂದ, "ನೀನು ಕಾಯಬೇಡ."

ಅವಳು ತಿರುಗಿದಳು. "ನನ್ನನ್ನ ‘ನೀನು’ ಅಂದೆ."

"ಮನಸ್ಸಲ್ಲಿ ಯಾವತ್ತಿಂದಲೋ ಹಾಗೇ ಕರೀತಿದ್ದೆ."

"ಬಾಯಿ ಬಿಟ್ಟು ಹೇಳೋಕೆ ಇವತ್ತೇ ಬೇಕಿತ್ತಾ?"

"ಇವತ್ತು ಬಿಟ್ಟರೆ ಇನ್ಯಾವತ್ತು?"

"ಇನ್ನೊಂದು ಸಲ ಹೇಳು."

ಹೇಳಿದ. ಅವಳು ಹಣೆಯನ್ನು ಅವನ ಕೋಟಿನ ಗುಂಡಿಗಳಿಗೆ ಒತ್ತಿ ನಿಂತಳು. ಸಸಿಗಳ ಒಂದು ಡಬ್ಬಿ ಒಯ್ಯಲು ಹೇಳಿದಳು. ವೇರಾಳ ಮನೆಯ ಕಿಟಕಿಗೆ ಬಿಸಿಲು ಬರುವುದಿಲ್ಲ, ಅಲ್ಲಿ ಇವು ಉಳಿಯುವುದಿಲ್ಲ ಎಂದ. ರೈಲು ನಿಲ್ದಾಣಕ್ಕೆ ಬರಬೇಡವೆಂದೂ ಹೇಳಿ ಹೋದ.

ಸಸಿಗಳು ಮಾತ್ರ ಮೊಣಕೈಯುದ್ದ ಬೆಳೆದು ಹೂ ಬಿಡತೊಡಗಿದವು. ಮೇ ತಿಂಗಳು ಬಂದಾಗ ರಿಮ್ಮಾ ತೋಟಕ್ಕೆ ಹೋಗಲಿಲ್ಲ. ಮೇಲಿನ ಮನೆಯ ಮುದುಕಿ ನ್ಯೂರಾಳನ್ನು ಕರೆದು ಎಲ್ಲವನ್ನೂ ತೆಗೆದುಕೊಂಡು ಹೋಗಲು ಹೇಳಿದಳು.

"ಅಯ್ಯೋ, ಇಷ್ಟೊಂದು ಯಾರಿಗೆ ಅಂತ ಬೆಳೆಸಿದ್ಯೇ?"

"ಇಬ್ಬರಿಗೆ ಅಂತ," ಎಂದಳು ರಿಮ್ಮಾ.

ನ್ಯೂರಾ ಡಬ್ಬಿಗಳನ್ನು ಎದೆಗವಚಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಹೋದಳು.