ಸೂಜಿಗಲ್ಲಿಗೆ ಅಂಟಿದ ಆರು ಸ್ಕ್ರೂ

ಮಾರ್ಚ್ 11, ಮಂಗಳವಾರ, ಮಧ್ಯಾಹ್ನ 2.20. ಠಾಣೆಯ ಕಂಪ್ಯೂಟರ್ ಅಂದು ಮೂರನೆಯ ಸಲ ಮುನಿಸಿಕೊಂಡು ಕೂತಿತ್ತು. ಅಷ್ಟರಲ್ಲಿ ಅರವತ್ತಾರು ವರ್ಷದ ಹೆಂಗಸೊಬ್ಬರು ನೇರವಾಗಿ ಒಳಗೆ ಬಂದು, ಇನ್‌ಸ್ಪೆಕ್ಟರ್ ಎದುರಿನ ಕುರ್ಚಿಯನ್ನು ತಾವೇ ಎಳೆದುಕೊಂಡು ಕುಳಿತರು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ನಲವತ್ತು ವರ್ಷ ಬಟ್ಟೆ ಹೊಲಿದವರು. ಆ ಬಡಾವಣೆಯ ಅರ್ಧ ಜನರ ಸೊಂಟದ ಸುತ್ತಳತೆ ಅವರಿಗೆ ಬಾಯಿಪಾಠ. ಅವರನ್ನು ಕಂಡದ್ದೇ ದಫೇದಾರ ಹೊಟ್ಟೆ ಒಳಗೆಳೆದುಕೊಂಡ. ಅವನ ಯೂನಿಫಾರಂ ಎರಡು ಸಲ ಅಗಲ ಮಾಡಿಕೊಟ್ಟಿದ್ದು ಅವರೇ.

"ನನ್ನ ಕಂಪ್ಯೂಟರ್ ಕಳುವಾಗಿದೆ. ಬರ್ಕೊಳ್ಳಿ," ಎಂದರು ಟೈಲರಮ್ಮ.

"ಯಾವ ಕಂಪನೀದಮ್ಮ?" ಇನ್‌ಸ್ಪೆಕ್ಟರ್ ಕೇಳಿದರು.

"ಯಾವ ಕಂಪನೀದೂ ಅಲ್ಲ. ಒಂದೊಂದೇ ಬಿಡಿಭಾಗ ತಂದು ನಾನೇ ಜೋಡಿಸಿದ್ದು."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟು ಅವರನ್ನು ಮತ್ತೊಮ್ಮೆ ನೋಡಿದರು. ಟೈಲರಮ್ಮ ಆ ನೋಟಕ್ಕೆ ಸೊಪ್ಪು ಹಾಕಲಿಲ್ಲ.

"ಏನಕ್ಕೆ ಬಳಸ್ತಿದ್ರಿ?"

"ಹಗಲು ವಿಡಿಯೋ ಎಡಿಟಿಂಗು. ಕಟಿಂಗ್ ಪಾಠ ಹೇಳಿಕೊಡ್ತೀನಿ, ಮಗುವಿನ ಫ್ರಾಕಿನಿಂದ ಹಿಡಿದು ಕೋಟಿನ ತನಕ. ಸಂಜೆ ಗೇಮು."

"ಗೇಮ್ ಅಂದ್ರೆ ಇಸ್ಪೀಟಾ?"

"ಕೋಟೆ ಹಿಡಿಯೋದು. ನಮ್ಮದು ಹನ್ನೆರಡು ಜನರ ಪಡೆ. ನಾನು ಸೇನಾಪತಿ."

ದಫೇದಾರನಿಗೆ ಕೆಮ್ಮು ಬಂತು. ಸೇನಾಪತಿ ಅವನತ್ತ ತಿರುಗಿದ ಮೇಲೆ ತಾನಾಗಿಯೇ ನಿಂತಿತು.

ದೂರಿನ ಸಾರಾಂಶ ಇಷ್ಟು. ಟೈಲರಮ್ಮ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಹೃದಯದ ತಪಾಸಣೆಗೆಂದು ಪ್ರತಿ ಮಂಗಳವಾರ ಆಸ್ಪತ್ರೆಗೆ ಹೋಗುತ್ತಾರೆ. ಅಂದು 10.30ಕ್ಕೆ ಬೀಗ ಹಾಕಿ ಹೊರಟು 1.15ಕ್ಕೆ ಮರಳಿದಾಗ ಬೀಗ ಹಾಕಿದ ಹಾಗೇ ಇತ್ತು. ಹಿಂದಿನ ಕಿಟಕಿಯ ಜಾಲರಿ ಮಾತ್ರ ಬಿಚ್ಚಿ ಹೊರಗೋಡೆಗೆ ಒರಗಿಸಿತ್ತು. ಕಂಪ್ಯೂಟರ್ ಇರಲಿಲ್ಲ. ಬೇರೇನೂ ಹೋಗಿರಲಿಲ್ಲ.

ದೂರಿನ ಕೊನೆಗೆ ಒಂದು ಸಾಲು ಸೇರಿಸಲೇಬೇಕೆಂದು ಅವರು ಪಟ್ಟು ಹಿಡಿದರು: ಕದ್ದವರು ಯಾರೇ ಆಗಿದ್ದರೂ ಕಾನೂನು ಕ್ರಮ ಕೈಗೊಳ್ಳಬೇಕು. 'ಯಾರೇ' ಎನ್ನುವಾಗ ಬೆರಳಿನಿಂದ ಮೇಜು ಕುಟ್ಟಿದರು. ಇನ್‌ಸ್ಪೆಕ್ಟರ್ ಅದನ್ನು ಗಮನಿಸಿದರು.

ಎಫ್‌ಐಆರ್ ದಾಖಲಾದದ್ದು 3.05ಕ್ಕೆ. ಅದಕ್ಕೂ ಮೊದಲು ಠಾಣೆಯ ಕಂಪ್ಯೂಟರನ್ನು ಎಬ್ಬಿಸಬೇಕಿತ್ತು. ಆ ಕೆಲಸ ಒಬ್ಬ ಮಹಿಳಾ ಪೇದೆಯದು. ಎಲ್ಲ ರೋಗಕ್ಕೂ ಅವಳ ಬಳಿ ಇದ್ದದ್ದು ಅದೊಂದೇ ಮದ್ದಾದ್ದರಿಂದ ಠಾಣೆಯಲ್ಲಿ ಅವಳ ಹೆಸರೇ 'ರೀಸ್ಟಾರ್ಟ್' ಆಗಿಹೋಗಿತ್ತು.

3.40ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಇನ್‌ಸ್ಪೆಕ್ಟರ್ ನಡೆದಲ್ಲೆಲ್ಲ ಅವರ ಬೂಟು ಕಿರುಗುಟ್ಟುತ್ತಿತ್ತು. ನಿವೃತ್ತಿಗೆ ಇನ್ನು ಮೂರೇ ವರ್ಷ, ಗಟ್ಟಿ ಬೂಟು ಯಾತಕ್ಕೆ ಎಂದು ಹೋದ ತಿಂಗಳು ಸಿಕ್ಕಿದ್ದನ್ನು ಕೊಂಡು ತಂದಿದ್ದರು.

ಮುಂದಿನ ಕೋಣೆಯಲ್ಲಿ ಕಟಿಂಗ್ ಟೇಬಲ್, ಅದರ ಪಕ್ಕ ಹೊಲಿಗೆ ಯಂತ್ರ, ಅದರಾಚೆ ಕಂಪ್ಯೂಟರಿನ ಮೇಜು. ಮೇಜಿನ ಮೇಲೆ ಮಾನಿಟರ್ ಅನಾಥವಾಗಿ ನಿಂತಿತ್ತು. ಕೆಳಗೆ ಕಂಪ್ಯೂಟರಿನ ಕ್ಯಾಬಿನೆಟ್ ಪೆಟ್ಟಿಗೆ ಇದ್ದ ಜಾಗದಲ್ಲಿ ಒಂದಿಷ್ಟೂ ಧೂಳಿರಲಿಲ್ಲ. ಕೀಬೋರ್ಡಿನ ಪಕ್ಕ ಒಂದು ದಪ್ಪ ನೋಟ್‌ಬುಕ್ಕು. ಇನ್‌ಸ್ಪೆಕ್ಟರ್ ಅದನ್ನು ತೆರೆದರು. ವರ್ಷಕ್ಕೊಂದು ಪುಟ.

'ಒಂದನೇ ವರ್ಷ: ಮೂರು ತಿಂಗಳಿಗೊಮ್ಮೆ ಧೂಳು ತೆಗೆಯುವುದು. ಮೂರನೇ ವರ್ಷ: ರ‍್ಯಾಮ್ ಇಮ್ಮಡಿ ಮಾಡುವುದು, ಎರಡು ಜಾಗ ಖಾಲಿ ಬಿಟ್ಟಿದೆ. ಐದನೇ ವರ್ಷ: ಹೊಸ ಗ್ರಾಫಿಕ್ಸ್ ಕಾರ್ಡ್. ಎಂಟನೇ ವರ್ಷ: ಪವರ್ ಸಪ್ಲೈ ಬದಲಿಸುವುದು.' ಹೀಗೆ ಹತ್ತರ ತನಕ. ಅಲ್ಲಿಗೆ ಮುಗಿಯಿತು ಎಂದುಕೊಂಡು ಪುಟ ತಿರುವಿದರೆ 'ಹನ್ನೊಂದನೇ ವರ್ಷ' ಎಂಬ ತಲೆಬರಹ ಕಾದು ಕುಳಿತಿತ್ತು.

"ಇಷ್ಟು ಮುಂದಕ್ಕೆ ಯೋಚ್ನೆ ಮಾಡಿದ್ದೀರಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್.

"ಬೆಳೆಯೋ ಮಕ್ಕಳಿಗೆ ಹೊಲಿಯುವಾಗ ಒಳಗೆ ಎರಡಿಂಚು ಬಟ್ಟೆ ಬಿಡ್ತೀವಿ. ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಬಹುದು. ಇದೂ ಅಷ್ಟೆ. ಈಗ ಬೇಕಾಗಿದ್ದಕ್ಕಿಂತ ದೊಡ್ಡ ಪೆಟ್ಟಿಗೆ, ಹೆಚ್ಚಿನ ಪವರ್ ಸಪ್ಲೈ, ಖಾಲಿ ಜಾಗ. ಪೂರ್ತಿ ಬಿಸಾಕಿ ಹೊಸದು ತರೋ ಪ್ರಮೇಯವೇ ಬರಬಾರದು."

ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಒಂದು ಎಚ್ಚರಿಕೆ ಇತ್ತು: 'ಯಂತ್ರದ ಜಾಗ ಬದಲಿಸುವ ಮುನ್ನ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆ ಇಡಬೇಕು. ಕಾರ್ಡಿನ ಭಾರಕ್ಕೆ ಅದು ಕೂತ ಜಾಗ ಸೀಳುತ್ತದೆ.'

"ಸಾರ್, ಇಲ್ಲಿ ಬನ್ನಿ," ರೀಸ್ಟಾರ್ಟ್ ಕರೆದಳು.

ಹೊಲಿಗೆ ಯಂತ್ರದ ಹಿಂದೆ, ಗೋಡೆಗೆ ತಾಗಿದಂತೆ ಅಂಗೈಯಗಲದ ಒಂದು ಸೂಜಿಗಲ್ಲು ಇತ್ತು. ಟೈಲರುಗಳು ಗುಂಡುಸೂಜಿ ಚೆಲ್ಲದಿರಲೆಂದು ಇಟ್ಟುಕೊಳ್ಳುವಂಥದ್ದು. ಸೂಜಿಗಳ ನಡುವೆ ಆರು ಸ್ಕ್ರೂಗಳು ಅಂಟಿಕೊಂಡಿದ್ದವು. ಎರಡು ಚಿಕ್ಕವು, ಕಪ್ಪು. ನಾಲ್ಕು ಉದ್ದನೆಯವು, ತುಕ್ಕು ಹಿಡಿದವು.

"ಚಿಕ್ಕವು ಗ್ರಾಫಿಕ್ಸ್ ಕಾರ್ಡಿಂದು ಸಾರ್. ಕಳ್ಳ ಕಾರ್ಡ್ ಬಿಚ್ಚಿ ಆಮೇಲೆ ಸಾಗಿಸಿದ್ದಾನೆ."

"ಮರ್ಯಾದಸ್ಥ ಕಳ್ಳ," ಎಂದ ದಫೇದಾರ. "ಉದ್ದದ್ದು?"

ಇನ್‌ಸ್ಪೆಕ್ಟರ್ ಒಂದನ್ನು ಕೈಗೆತ್ತಿಕೊಂಡು ಹಿಂದಿನ ಕಿಟಕಿಗೆ ಹೋದರು. ಜಾಲರಿಯ ತೂತಿಗೆ ಅದು ಸರಿಯಾಗಿ ಕೂತಿತು. ಹೊರಗಿನಿಂದ ಜಾಲರಿ ಬಿಚ್ಚಿ ಒಳಗೆ ನುಗ್ಗಿದವನು ಸ್ಕ್ರೂಗಳನ್ನು ಅಲ್ಲೇ ಹೊರಗೆ ಎಸೆಯುತ್ತಾನೆ. ಅವನ್ನು ಜೋಪಾನವಾಗಿ ಹಿಡಿದು ತಂದು, ಹೊಲಿಗೆ ಯಂತ್ರದ ಹಿಂದೆ ಮರೆಯಲ್ಲಿರುವ ಸೂಜಿಗಲ್ಲನ್ನು ಹುಡುಕಿ ಅಂಟಿಸುವುದಿಲ್ಲ. ಕಿಟಕಿ ಬರೀ ನಾಟಕ. ಬಂದವನು ಬಾಗಿಲಿಂದಲೇ ಬಂದಿದ್ದಾನೆ.

"ಈ ಮನೆ ಕೀಲಿ ಎಷ್ಟಿವೆಯಮ್ಮ?"

"ಎರಡು."

"ಇನ್ನೊಂದು?"

ಟೈಲರಮ್ಮ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಂಡರು. "ಅದನ್ನ ಕಂಡುಹಿಡಿಯೋಕೆ ತಾನೇ ನಿಮಗೆ ಯೂನಿಫಾರಂ ಹಾಕಿರೋದು?"

ಇನ್‌ಸ್ಪೆಕ್ಟರಿಗೆ ಸಿಟ್ಟು ಬಂತು, ಜೊತೆಗೆ ಮರುಕವೂ ಆಯಿತು. ಈ ಹೆಂಗಸಿಗೆ ಕಳ್ಳ ಯಾರೆಂದು ಗೊತ್ತಿದೆ. ಆದರೆ ಅವರ ಬಾಯಿಂದ ಆ ಹೆಸರು ಬರುವುದಿಲ್ಲ.

ಮಾರ್ಚ್ 12, ಬುಧವಾರ, ಬೆಳಿಗ್ಗೆ 10.15. ಎದುರಿನ ಇಸ್ತ್ರಿ ಅಂಗಡಿಯವನ ಹೇಳಿಕೆ ಪಡೆಯಲಾಯಿತು. ಹಿಂದಿನ ದಿನವೂ ಅವನನ್ನು ಕೇಳಿದ್ದರು; ಯಾರನ್ನೂ ನೋಡಿಲ್ಲ ಎಂದಿದ್ದ.

"ನಿನ್ನೆ ಹತ್ತೂವರೆ ಆದ್ಮೇಲೆ ಟೈಲರಮ್ಮನ ಬಾಗಿಲಿಗೆ ಯಾರು ಬಂದಿದ್ರು?" ಇನ್‌ಸ್ಪೆಕ್ಟರ್ ಈ ಸಲ ಪ್ರಶ್ನೆ ಬದಲಿಸಿದರು.

"ಅವರ ಮಗ ಬಂದಿದ್ದ ಸಾರ್. ಅವನದು ಮೆಡಿಕಲ್ ಶಾಪ್ ಇದೆಯಲ್ಲ, ಅದರ ವ್ಯಾನು ತಂದಿದ್ದ. ಹನ್ನೊಂದೂಕಾಲು ಇರಬೇಕು. ದೊಡ್ಡ ರಟ್ಟಿನ ಡಬ್ಬ ಹೊತ್ಕೊಂಡು ಹೋದ."

"ಇದನ್ನ ನಿನ್ನೆ ಯಾಕಯ್ಯ ಬಾಯಿ ಬಿಡಲಿಲ್ಲ?" ದಫೇದಾರ ರೇಗಿದ.

"ಕಳ್ಳನ್ನ ನೋಡಿದ್ಯಾ ಅಂತ ತಾನೇ ನೀವು ಕೇಳಿದ್ದು? ಮಗನ್ನ ನೋಡಿದ್ಯಾ ಅಂತ ಕೇಳಲಿಲ್ಲವಲ್ಲ."

12.10ಕ್ಕೆ ಮೆಡಿಕಲ್ ಶಾಪ್. ನಲವತ್ತರ ಹತ್ತಿರದ ಮಗ ಗಲ್ಲಾದ ಹಿಂದೆ ನಿಂತಿದ್ದ. ಕಣ್ಣು ಕೆಂಪಾಗಿದ್ದವು.

"ಮಂಗಳವಾರ ಹನ್ನೊಂದೂಕಾಲಿಗೆ ಎಲ್ಲಿದ್ರಿ?"

"ಅಂಗಡೀಲಿ."

"ವ್ಯಾನು?"

"ಡೆಲಿವರಿಗೆ ಹೋಗಿತ್ತು."

"ಓಡಿಸಿದ್ದು ಯಾರು?"

ಮಗ ಗಲ್ಲಾದ ಮೇಲಿದ್ದ ಮಾತ್ರೆಯ ಡಬ್ಬಗಳನ್ನು ಜೋಡಿಸತೊಡಗಿದ.

"ಕಿಟಕಿ ಸ್ಕ್ರೂ ಬಿಚ್ಚಿ ಕೆಳಗೆ ಚೆಲ್ಲಿ ಹೋಗಿದ್ದೀರಲ್ಲ, ಯಾರಿಗಾದ್ರೂ ಚುಚ್ಚಿದ್ರೆ ಏನು ಗತಿ?"

"ಚೆಲ್ಲಿಲ್ಲ ಸಾರ್, ಮ್ಯಾಗ್ನೆಟ್ ಮೇಲೆ..." ಎಂದವನು ನಾಲಿಗೆ ಕಚ್ಚಿಕೊಂಡ.

ಅಲ್ಲಿಗೆ ಮುಗಿಯಿತು. ಅವನು ಸ್ಟೂಲಿನ ಮೇಲೆ ಕುಸಿದು ಎಡಗಾಲಿನ ಹಿಮ್ಮಡಿ ಮುಟ್ಟಿಕೊಂಡ. "ನಾಲ್ಕು ವರ್ಷದವನಿದ್ದಾಗ ಗುಂಡುಸೂಜಿ ಹೊಕ್ಕಿತ್ತು. ಆವತ್ತಿಂದ ನಮ್ಮನೇಲಿ ಮೊನಚಾಗಿರೋದು ಯಾವುದೂ ಕೈಯಿಂದ ನೇರ ಮೇಜಿಗೆ ಹೋಗಲ್ಲ ಸಾರ್. ಸೂಜಿಗಲ್ಲಿಗೆ ಹೋಗತ್ತೆ. ನಿನ್ನೆ ಅದು ನನ್ನ ಗಮನಕ್ಕೇ ಬರಲಿಲ್ಲ."

ಅಂಗಡಿಯ ಹಿಂದಿನ ಗೋದಾಮಿನಲ್ಲಿ ಯಂತ್ರ ಸಿಕ್ಕಿತು. ಜಪ್ತಿ ಪಂಚನಾಮೆ 1.05. ದಫೇದಾರ ಉಕ್ತಲೇಖನದಂತೆ ಬರೆದುಕೊಂಡ: ನೆಲಕ್ಕೆ ತಾಗದಂತೆ ಮರದ ಹಲಗೆಯ ಮೇಲೆ ಇರಿಸಲಾದ ಕಪ್ಪು ಕ್ಯಾಬಿನೆಟ್ ಒಂದು, ಅದರ ಮೇಲೆ ಕೋಟು ಬಟ್ಟೆಯಲ್ಲಿ ಹೊಲಿದ ಗವಸು ಒಂದು, ಹತ್ತಿಯಲ್ಲಿ ಸುತ್ತಿ ಬೇರೆ ಡಬ್ಬದಲ್ಲಿಟ್ಟ ಗ್ರಾಫಿಕ್ಸ್ ಕಾರ್ಡ್ ಒಂದು. ಕ್ಯಾಬಿನೆಟ್ ಸುತ್ತ, ಮಾತ್ರೆಯ ಡಬ್ಬಗಳಲ್ಲಿ ಬರುವ, ತೇವ ಹೀರುವ ಚಿಕ್ಕ ಪೊಟ್ಟಣಗಳನ್ನು ಸಾಲಾಗಿ ಜೋಡಿಸಲಾಗಿತ್ತು. ದಫೇದಾರ ಅವನ್ನು ಎಣಿಸಿ ಮೂವತ್ತೆಂಟು ಎಂದು ಬರೆದ.

"ಇಷ್ಟು ಜೋಪಾನ ಮಾಡೋನು ಕದ್ದಿದ್ದು ಯಾಕೆ?" ಇನ್‌ಸ್ಪೆಕ್ಟರ್ ಕೇಳಿದರು.

ಮಗ ಗಲ್ಲಾದ ಕೆಳಗಿನಿಂದ ಆಸ್ಪತ್ರೆಯ ವರದಿಯ ನಕಲು ತೆಗೆದುಕೊಟ್ಟ. ಹಿಂದಿನದರ ಹಿಂದಿನ ವರ್ಷ, ಸೆಪ್ಟೆಂಬರ್ 14ರದ್ದು. "ಹಾರ್ಟು ಕಾಲುಭಾಗ ಮಾತ್ರ ಕೆಲಸ ಮಾಡ್ತಿದೆ ಸಾರ್. ಹೆಚ್ಚೆಂದ್ರೆ ಎರಡು ವರ್ಷ, ವಿಶ್ರಾಂತಿ ಬೇಕು ಅಂದ್ರು ಡಾಕ್ಟ್ರು. ಅಮ್ಮನಿಗೆ ಇದು ಗೊತ್ತಿಲ್ಲ, ನಾನು ಹೇಳಿಲ್ಲ. ಅವಳು ದಿನಕ್ಕೆ ಎಂಟು ಗಂಟೆ ಅದರ ಮುಂದೆ ಕೂರ್ತಾಳೆ. ಹೋದ ವಾರ ಬಂದು, ಎಂಟನೇ ವರ್ಷಕ್ಕೆ ಯಾವ ಪವರ್ ಸಪ್ಲೈ ಒಳ್ಳೇದು ವಿಚಾರಿಸಿಡು ಅಂದ್ಲು. ಎಂಟನೇ ವರ್ಷ ಸಾರ್! ನನ್ನ ಕೈಲಿ ಆ ನೋಟ್‌ಬುಕ್ ನೋಡೋಕಾಗಲ್ಲ. ಯಂತ್ರ ಇಲ್ಲದಿದ್ರೆ ಸುಮ್ಮನೆ ಮಲಗಿರ್ತಾಳೆ ಅಂದ್ಕೊಂಡೆ."

ಇನ್‌ಸ್ಪೆಕ್ಟರ್ ವರದಿಯ ತಾರೀಖನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಸಾಕ್ಷ್ಯವೆಂದು ತಂದಿದ್ದ ಟೈಲರಮ್ಮನ ನೋಟ್‌ಬುಕ್ಕನ್ನು ಕಡತದಿಂದ ತೆಗೆದು ಮೊದಲ ಪುಟ ಬಿಡಿಸಿ ಅವನ ಮುಂದಿಟ್ಟರು. ಮೂಲೆಯಲ್ಲಿ ತಾರೀಖು ಇತ್ತು. ಅದೇ ವರ್ಷ, ಸೆಪ್ಟೆಂಬರ್ 15.

"ಮೂಲ ವರದಿ ಎಲ್ಲಿ ಬಚ್ಚಿಟ್ಟಿದ್ರಿ?"

"ಅಮ್ಮನ ಮನೇಲೇ. ಬ್ಲೌಸು, ಕೋಟು ಕತ್ತರಿಸೋ ಅಳತೆಯ ಪೇಪರ್ ಕಟಿಂಗುಗಳ ಕಟ್ಟಿನ ಅಡಿ..." ಎಂದವನು ನೋಟ್‌ಬುಕ್ಕಿನ ತಾರೀಖಿನ ಮೇಲೆ ಬೆರಳಿಟ್ಟ.

1.40ಕ್ಕೆ ಬಂಧನ. 2.30ಕ್ಕೆ ಟೈಲರಮ್ಮ ಠಾಣೆಗೆ ಬಂದರು. ಬೆಂಚಿನ ಮೇಲೆ ಕೂತ ಮಗನನ್ನು ನೋಡಿ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಅಮ್ಮ, ಹೆತ್ತ ಮಗ. ರಾಜಿ ಮಾಡ್ಕೊಂಡುಬಿಡಿ," ಎಂದರು ಇನ್‌ಸ್ಪೆಕ್ಟರ್. "ನಿಮ್ಮ ಮೇಲಿನ ಪ್ರೀತಿಗೇ ಮಾಡಿದ್ದು."

"ಗೊತ್ತು. ಅದಕ್ಕೇ ಕೇಸ್ ಬೇಕು. ಇವತ್ತು ಕಂಪ್ಯೂಟರು. ಬಿಟ್ರೆ ನಾಳೆ ಕತ್ತರಿ, ನಾಡಿದ್ದು ಚಪ್ಪಲಿ ಬಚ್ಚಿಡ್ತಾನೆ. ಪ್ರೀತಿ ಅಂತ ಹೇಳ್ಕೊಂಡೇ ನನ್ನ ಮಲಗಿಸಿಬಿಡ್ತಾನೆ."

"ನಿನಗೆ ಗೊತ್ತಿತ್ತಾ ಅಮ್ಮ?" ಮಗ ಬೆಂಚಿನಿಂದ ಕೇಳಿದ. "ವರದಿ?"

"ಟೈಲರ್ ಮನೇಲಿ ಪೇಪರ್ ಕಟಿಂಗಿನ ಅಡಿ ಬಚ್ಚಿಟ್ಟೆಯಲ್ಲೋ ದಡ್ಡ. ಅವತ್ತೇ ಸಂಜೆ ಓದಿದೆ. ರಾತ್ರಿ ಪೂರ್ತಿ ಅತ್ತೆ. ಬೆಳಿಗ್ಗೆ ಎದ್ದು ಈ ನೋಟ್‌ಬುಕ್ ತಂದೆ." ಅವರು ಮಗನ ಮುಂದೆ ಹೋಗಿ ನಿಂತರು. "ಡಾಕ್ಟ್ರು ಅವರಿಗೆ ತಿಳಿದ ಅಳತೆ ಹೇಳಿದ್ರು. ಒಳಗೆ ಬಟ್ಟೆ ಎಷ್ಟು ಬಿಡಬೇಕು ಅನ್ನೋದು ಹೊಲಿಯೋಳಿಗೆ ಬಿಟ್ಟಿದ್ದು. ನೀನು ಯಾರು ಅದನ್ನ ಕತ್ತರಿಸೋಕೆ?"

ಮಗ ಚಿಕ್ಕವನಂತೆ ಅಳತೊಡಗಿದ. ಟೈಲರಮ್ಮ ಸೆರಗಿನಿಂದ ಅವನ ಮುಖ ಒರೆಸಿದರು. ಕೇಸ್ ಮಾತ್ರ ವಾಪಸ್ ಪಡೆಯಲಿಲ್ಲ.

ಕೇಸ್ ಡೈರಿಯಲ್ಲಿ ಇನ್‌ಸ್ಪೆಕ್ಟರ್ ಬರೆದರು: 'ಆರೋಪಿಗೆ ಲಾಭದ ಉದ್ದೇಶವಿರಲಿಲ್ಲ. ತಾಯಿ ಮುಂದಿನ ವರ್ಷಗಳ ಮಾತಾಡುವುದನ್ನು ಕೇಳಿಸಿಕೊಂಡಿರಲು ಆತನಿಂದ ಆಗಲಿಲ್ಲ.' ಬರೆದು ಮುಗಿಸಿ ತಮ್ಮ ಬೂಟಿನತ್ತ ನೋಡಿಕೊಂಡರು. ಈ ಭಾನುವಾರ ಒಂದು ಗಟ್ಟಿ ಜೊತೆ ತರಬೇಕು ಅನ್ನಿಸಿತು.

ಉಳಿದದ್ದು ಜಾಮೀನು. ದಫೇದಾರ ಫಾರಂ ಹಿಡಿದು ಮಗನ ಮುಂದೆ ನಿಂತ. "ಯಾರನ್ನಾದ್ರೂ ಕರೆಸಪ್ಪ. ಜಾಮೀನಿಗೆ ಒಬ್ಬರು ಬೇಕು."

"ನಾನಿದ್ದೀನಲ್ಲ," ಎಂದರು ಟೈಲರಮ್ಮ. "ಕೊಡಿ ಇಲ್ಲಿ."

"ಅಮ್ಮ, ದೂರು ಕೊಟ್ಟವರೂ ನೀವೇ, ಜಾಮೀನೂ ನೀವೇನಾ?"

"ಬೇಡ ಅಂತ ಯಾವ ಕಾನೂನಲ್ಲಿದೆ?"

ದಫೇದಾರ ಇನ್‌ಸ್ಪೆಕ್ಟರತ್ತ ನೋಡಿದ. ಅವರು ಆಗಲಿ ಎಂಬಂತೆ ತಲೆಯಾಡಿಸಿದರು. ಆದರೂ ದಫೇದಾರನಿಗೆ ಮನಸ್ಸು ಒಪ್ಪಲಿಲ್ಲ. ದನಿ ತಗ್ಗಿಸಿ ಹೇಳಿದ: "ಒಂದು ಸಲ ಸೈನ್ ಹಾಕಿದ್ರೆ ಮುಗೀಲಿಲ್ಲಮ್ಮ. ಕೇಸ್ ಮುಗಿಯೋ ತನಕ ಪ್ರತಿ ವಾಯಿದೆಗೂ ಇವನನ್ನ ಕೋರ್ಟಿಗೆ ಹಾಜರು ಮಾಡೋ ಹೊಣೆ ನಿಮ್ದು. ಇಂಥ ಕೇಸು ಏಳೆಂಟು ವರ್ಷ ಎಳೆಯತ್ತೆ."

ಮಗ ತಲೆಯೆತ್ತಿ ತಾಯಿಯನ್ನು ನೋಡಿದ.

"ಎಳೀಲಿ," ಎಂದರು ಟೈಲರಮ್ಮ. "ನಾನಿರ್ತೀನಿ."

ಸಹಿ ಹಾಕಿ, ಅದೇ ಪೆನ್ನಿನಿಂದ ಕಡತದ ಮೇಲಿದ್ದ ನೋಟ್‌ಬುಕ್ ಬಿಡಿಸಿದರು. ಅದು ಈಗ ಸಾಕ್ಷ್ಯ, ಬರೆಯುವಂತಿಲ್ಲ ಎಂದು ದಫೇದಾರ ಬಾಯಿ ತೆರೆದ. ಇನ್‌ಸ್ಪೆಕ್ಟರ್ ಕಣ್ಣಲ್ಲೇ ತಡೆದರು. ಎಂಟನೇ ವರ್ಷದ ಪುಟದಲ್ಲಿ, 'ಪವರ್ ಸಪ್ಲೈ ಬದಲಿಸುವುದು' ಎಂಬ ಸಾಲಿನ ಕೆಳಗೆ, ಟೈಲರಮ್ಮ ನಿಧಾನವಾಗಿ ಬರೆದರು: 'ಮಗನನ್ನು ಕೋರ್ಟಿಗೆ ಕರೆದುಕೊಂಡು ಹೋಗುವುದು.'